ಬೋಣಿ ಹೊತ್ತಿಗೆ ಬಂದ ಡಿಗ್ರಿ

ನಮ್ಮಪ್ಪನಿಗೆ ಒಂದು ರೋಗವಿದೆ. ಬೆಳಗಿನ ಮೊದಲ ಗಿರಾಕಿಗೆ, ಅಂದರೆ ಬೋಣಿ ಗಿರಾಕಿಗೆ, ಇಲ್ಲ ಎನ್ನಲು ಬರುವುದಿಲ್ಲ. ಶಹಾಬಾದಿನಲ್ಲಿ ವಾಡಿ ರಸ್ತೆಗೆ ನಮ್ಮದೊಂದು ಫರಸಿ ಕಲ್ಲಿನ, ಅಂದರೆ ನೆಲಕ್ಕೆ ಹಾಸುವ ಕಲ್ಲಿನ, ಅಂಗಡಿ. ಮೊದಲು ಬಂದವನು ಬರಿಗೈಲಿ ಹೋದರೆ ಆ ದಿನವೇ ಕೆಟ್ಟಿತೆಂದು ಅಪ್ಪ ಲುಕ್ಸಾನಾದರೂ ಕಲ್ಲು ಕೊಟ್ಟು, ಬಂದ ನೋಟನ್ನು ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಾನೆ. ಇದು ಗೊತ್ತಿದ್ದ ಜಾಣರೆಲ್ಲ ಬೆಳಿಗ್ಗೆ ಏಳಕ್ಕೇ ಬಂದು ನಿಲ್ಲುತ್ತಿದ್ದರು. ಒಂದು ದಿನ ನಾನೂ ನಿಂತೆ.

ಬಿ.ಕಾಂ. ಮುಗಿಸಿದ ವರ್ಷ ಹೈದರಾಬಾದಿನ ಕಾಲೇಜೊಂದರಲ್ಲಿ ನನಗೆ ಉದ್ಯಮಶೀಲತೆಯ ಎರಡು ವರ್ಷದ ಡಿಗ್ರಿಗೆ ಸೀಟು ಸಿಕ್ಕಿತ್ತು. ಫೀಸು, ಹಾಸ್ಟೆಲ್ಲು ಎಲ್ಲ ಕೂಡಿಸಿದರೆ ಸರಿಯಾಗಿ ಒಂದು ಹೊಸ ಪಾಲಿಶ್ ಮಷಿನ್ನಿನ ಬೆಲೆ. ಆ ಮಷಿನ್ನಿಗೆಂದೇ ಅಪ್ಪ ವರ್ಷಗಟ್ಟಲೆ ಬ್ಯಾಂಕಿನಲ್ಲಿ ಕೂಡಿಡುತ್ತಿದ್ದ. ಹಳೆಯದು ದಿನಕ್ಕೆರಡು ಸಲ ಮುಷ್ಕರ ಹೂಡುತ್ತಿತ್ತು. ಅಪ್ಪ ಬೈದು, ಒದ್ದು, ಅದನ್ನು ಮತ್ತೆ ಕೆಲಸಕ್ಕೆ ಎಬ್ಬಿಸಬೇಕಿತ್ತು. ಮಷಿನ್ನೋ ಡಿಗ್ರಿಯೋ, ಎರಡರಲ್ಲಿ ಒಂದೇ ಆಗುವಂತಿತ್ತು.

“ವ್ಯಾಪಾರ ಕಲೀಲಿಕ್ಕ ರೊಕ್ಕ ಕೊಟ್ಟು ಹೋಗ್ತಾರೇನಬೇ? ಇಲ್ಲೇ ಕುಂದ್ರು, ಪುಕ್ಕಟ್ ಕಲಸ್ತೀನಿ” ಎಂದ ಅಪ್ಪ.

ನಾನೇನು ಕಡಿಮೆಯೇ? ಕಾಗದದ ಮೇಲೆ ಗೆರೆ ಹೊಡೆದು, ಡಿಗ್ರಿಗೆ ಇಷ್ಟು ಖರ್ಚು, ಆಮೇಲೆ ತಿಂಗಳಿಗೆ ಇಷ್ಟು ಗಳಿಕೆ, ಇಷ್ಟು ವರ್ಷಕ್ಕೆ ಹಾಕಿದ ದುಡ್ಡು ವಾಪಸ್ ಎಂದು ಚೆಂದಾಗಿ ಬರೆದು ಅವನ ಮುಂದಿಟ್ಟೆ. ಅಪ್ಪ ಕನ್ನಡಕ ಏರಿಸಿ ಎರಡು ಸಲ ಓದಿದ.

“ಎಲ್ಲಾ ಬರೋಬ್ಬರಿ ಅದ. ಇದರಾಗ ಮಳಿಗಾಲ ಎಲ್ಲಿ ಅದ?”

ಮಳೆಗಾಲದಲ್ಲಿ ಗಣಿಗಳಿಗೆ ನೀರು ತುಂಬಿ ನಮ್ಮ ವ್ಯಾಪಾರ ಮುಸುಕು ಹೊದ್ದು ಮಲಗುತ್ತದೆ. ನನ್ನ ಕಾಗದದಲ್ಲಿ ಹನ್ನೆರಡು ತಿಂಗಳೂ ಬಿಸಿಲಿತ್ತು. ಮೈಯೆಲ್ಲ ಉರಿದುಹೋಯಿತು ನನಗೆ.

ಮರುದಿನ ಏಳಕ್ಕೆ ಅವ್ವನ ಶಾಲು ತಲೆ ತುಂಬ ಹೊದ್ದು ಅಂಗಡಿಗೆ ಹೋದೆ. ಅಪ್ಪ ಊದುಬತ್ತಿ ಹಚ್ಚುತ್ತಿದ್ದ.

“ಸಾವ್ಕಾರ್ರೇ, ಮೂಲ್ಯಾಗಿನ ತುಂಡು ಕಲ್ಲಿನ ಗುಂಪಿ ಪೂರಾ ಬೇಕಾಗ್ಯದರಿ. ಐನೂರು ಕೊಡ್ತೀನಿ.”

“ಹುಚ್ಚಿ, ಚಾ ತಂದೀಯೇನು?”

“ಚಾ ಇಲ್ರಿ. ಬೋಣಿ ಗಿರಾಕಿ ನಾ.”

ಅಪ್ಪನ ಮುಖ ನೋಡಬೇಕಿತ್ತು! ಪಾಲಿಶ್ ಮಾಡುವ ಚಾಚಾ ಕಿಸಕ್ಕನೆ ನಕ್ಕು, “ಬೋಣಿ ಅದ ಸಾವ್ಕಾರ್, ಇಲ್ಲ ಅನಬ್ಯಾಡ್ರಿ” ಎಂದ. ಅಪ್ಪ ಹಲ್ಲು ಕಡಿಯುತ್ತಲೇ ನನ್ನ ಐನೂರನ್ನು ಕಣ್ಣಿಗೆ ಒತ್ತಿಕೊಂಡ.

“ಈ ಕಲ್ಲು ಮಾರಿ ಲಾಭ ತೋರಸ್ತೀನಿ. ತೋರಸಿದ್ರ ಡಿಗ್ರಿ, ಇಲ್ಲಂದ್ರ ಮಷಿನ್. ಆತಿಲ್ಲೋ?” ಎಂದೆ.

“ಆತು” ಎಂದ ಅಪ್ಪ.

ಚಾಚಾ ಒಂದೊಂದೇ ತುಂಡನ್ನು ಬೆರಳಿನಿಂದ ಬಡಿದು, ಠಣ್ ಎಂದವನ್ನು ಆರಿಸಿ ಅಂಚು ತಿದ್ದಿಕೊಟ್ಟ. ನೆಲಕ್ಕೆ ಸಣ್ಣವಾದರೂ ಬಟ್ಟೆ ಒಗೆಯಲು ಹೇಳಿ ಮಾಡಿಸಿದ ಕಲ್ಲುಗಳು. ಟೆಂಪೋ ಮಾಡಿಕೊಂಡು ಚಿಂಚೋಳಿ ಸಂತೆಗೆ ಹೋಗಿ ಸಾಲಾಗಿ ಹರವಿ ಕೂತೆ. ಕಲ್ಲಿಗೆ ಎಂಬತ್ತರಂತೆ ಮಾರಿದರೆ ಎಷ್ಟಾಗುತ್ತದೆಂದು ಮನಸ್ಸಿನಲ್ಲೇ ಹೈದರಾಬಾದಿನ ರೈಲು ಹತ್ತಿದ್ದೆ.

ಮೊದಲು ಬಂದವಳು ಐನಾಪುರದ ಒಬ್ಬ ಮುದುಕಿ. ಕಲ್ಲು ಬಡಿದು ನೋಡಿದಳು, ನನ್ನ ಮುಖ ನೋಡಿದಳು.

“ಆಡಿನ ದೊಡ್ಡಿಗಿ ಹಾಸಲಿಕ್ಕ ಬೇಕಾಗ್ಯಾವ. ಎಲ್ಲಾ ಕೂಡಿ ಮುನ್ನೂರು. ಬೋಣಿ ಮಾಡ್ಕೋ ನನ್ನವ್ವಾ.”

ಇಲ್ಲ ಎನ್ನಲು ಬಾಯಿ ತೆರೆದೆ. ಆಣೆ ಮಾಡಿ ಹೇಳುತ್ತೇನೆ, ಮಾತು ಹೊರಡಲೇ ಇಲ್ಲ! ಹುಟ್ಟಿದಾಗಿನಿಂದ ನೋಡಿದ್ದು ಎಲ್ಲಿಗೆ ಹೋಗುತ್ತದೆ? ಮುದುಕಿ ಕಲ್ಲನ್ನೆಲ್ಲ ತನ್ನ ಟ್ರ್ಯಾಕ್ಟರಿಗೆ ಹೇರಿಸುತ್ತಿದ್ದರೆ ನಾನು ಆ ಮುನ್ನೂರನ್ನು ಕಣ್ಣಿಗೆ ಒತ್ತಿಕೊಂಡು ನಿಂತಿದ್ದೆ. ಟೆಂಪೋದವನ ಬಾಡಿಗೆಯೇ ಅದಕ್ಕಿಂತ ಹೆಚ್ಚು.

ಸುದ್ದಿ ಕೇಳಿ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ನನ್ನ ಮಗಳೇ ಖರೆ ನೀ!” ನಾನು ಅತ್ತೆ. ಅತ್ತು ಮುಗಿದ ಮೇಲೆ, “ಮಷಿನ್ ತರಸಪ್ಪಾ, ಸೀಟು ಬ್ಯಾಡ” ಎಂದೆ. ಸಿಟ್ಟಿನಿಂದ ಅಂದದ್ದಲ್ಲ. ಮೊದಲ ಗಿರಾಕಿಗೇ ಬಂಡವಾಳ ಮುಳುಗಿಸಿದವಳಿಗೆ ಮಷಿನ್ನಿನ ದುಡ್ಡು ಕೇಳಲು ನಿಜಕ್ಕೂ ನಾಚಿಕೆಯಾಗಿತ್ತು.

ಫೀಸಿನ ಕಡೆಯ ದಿನ ಬಂತು. “ಇವತ್ತ ಅಂಗಡಿ ನೀ ತೆಗಿ” ಎಂದ ಅಪ್ಪ. ಕಸ ಗುಡಿಸಿ, ನೀರು ಚಿಮುಕಿಸಿ ಕೂತೆ. ಹಿಂದೆ ಚಾಚಾ ಮಷಿನ್ ಶುರು ಮಾಡಿದ. ಏಳಕ್ಕೆ ಸರಿಯಾಗಿ ಗೇಟಿನಿಂದ ಅಪ್ಪ ಬಂದ, ತಲೆಗೆ ಅವ್ವನ ಅದೇ ಶಾಲು!

“ಸಾವ್ಕಾರ್ತಿ, ಎರಡು ವರ್ಷದ ಓದು ಬೇಕಾಗ್ಯದರಿ. ಮಳಿಗಾಲಕ್ಕ ಮನಿಗಿ ಬರೋದು ಮ್ಯಾಲ ಪುಕ್ಕಟ್.” ಎದುರಿಗೆ ಫೀಸಿನ ಚೆಕ್ಕು ಹಿಡಿದ.

“ನಂಗ ಬ್ಯಾಡಂದೀನಲ್ಲಪ್ಪಾ. ಮಷಿನ್?”

“ಪುಕ್ಕಟ್ ಕಲಸ್ತೀನಿ ಅಂದಿದ್ದೆ. ನೋಡು, ಏನು ಕಲಿಸೀನಿ! ಇಷ್ಟು ವರ್ಷಾದ್ರೂ ನನಗ ಇಲ್ಲ ಅನ್ಲಿಕ್ಕ ಬರವಲ್ದು. ನಿನಗರೆ ಬರಲಿ. ಅದನ್ನ ಕಲಸವರು ಅಲ್ಲಿ ಇದ್ರ ಇರ್ತಾರ.”

“ಬ್ಯಾಡ...”

“ಬೋಣಿ ಗಿರಾಕಿನ್ನ ವಾಪಸ್ ಕಳಸ್ತೀಯೇನು?”

ಚೆಕ್ಕನ್ನು ಎರಡೂ ಕಣ್ಣಿಗೆ ಒತ್ತಿಕೊಂಡೆ. ಬೇಗ ತೆಗೆಯಲಾಗಲಿಲ್ಲ. ಅಷ್ಟರಲ್ಲಿ ಹಿಂದೆ ಹಳೆಯ ಮಷಿನ್ ಗಕ್ಕನೆ ನಿಂತಿತು. ಅಪ್ಪ ಶಾಲನ್ನು ನನ್ನ ಮೇಲೆಸೆದು, ಬೈಯುತ್ತ ಅದನ್ನು ಒದೆಯಲು ಹೋದ.