ಕಡಿಯದೆ ಬಿಟ್ಟ ರಂಗೂನ್ ಬಳ್ಳಿ

ರಂಗೂನ್ ಬಳ್ಳಿ ಬೆಳೆಸುವ ಆಸೆ ಇರುವವರಿಗೆ ನಾನು ಹೇಳುವುದು ಇಷ್ಟೇ: ಕತ್ತರಿ ಕೆಳಗಿಡಬೇಡಿ. ಹೂ ಮುಗಿದ ಕೂಡಲೇ ದಯೆ ದಾಕ್ಷಿಣ್ಯ ಇಲ್ಲದೆ ಸವರಬೇಕು. ಬುಡ ಬಿಟ್ಟು ಮಾರು ದೂರದಲ್ಲಿ ಏಳುವ ಮರಿಗಳನ್ನು ಬೇರುಸಹಿತ ಕೀಳಬೇಕು. ಎಲೆ ಉದುರಿದರೂ ಅದರ ತೊಟ್ಟು ಉಳಿದು ಮುಳ್ಳಾಗುತ್ತದೆ, ಆ ಮುಳ್ಳನ್ನೇ ಊರಿಕೊಂಡು ಬಳ್ಳಿ ಮೇಲೆ ಹತ್ತುತ್ತದೆ. ಒಂದು ಮಳೆಗಾಲ ಸುಮ್ಮನೆ ಕೂತರೆ ಮನೆ ನಿಮ್ಮದಾಗಿ ಉಳಿಯುವುದಿಲ್ಲ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಎರಡು ಸಲ ಅದನ್ನು ಅದರ ಪಾಡಿಗೆ ಬಿಟ್ಟೆ.

ಹೊಸಪೇಟೆಯಲ್ಲಿ ಕಾಲುವೆಯ ಆಚೆ ಮನೆ ಕಟ್ಟಿಸಿದಾಗ ಹಂಪಿಯ ಗೆಸ್ಟ್‌ಹೌಸ್ ಒಂದರಿಂದ ಕಡ್ಡಿ ಬೇಡಿ ತಂದು ನೆಟ್ಟಿದ್ದೆ. ಗೇಟಿನ ಮೇಲೆ ಪೈಪಿನ ಕಮಾನು ಮಾಡಿಸಿದ್ದೆ. ಕಮಾನಿನ ಒಂದು ಕಾಲಿಗೆ ನನ್ನ ರಂಗೂನ್, ಇನ್ನೊಂದಕ್ಕೆ ನನ್ನ ಹೆಂಡತಿ ಕಂಪ್ಲಿಯ ತವರಿನಿಂದ ತಂದ ಸೂಜಿಮಲ್ಲಿಗೆ. ನನ್ನ ಕೆಲಸ ವಡ್ಡು ಎಂಬ ಊರಿನ ಕಡೆಯ ಒಂದು ಉಕ್ಕಿನ ಕಾರ್ಖಾನೆಯಲ್ಲಿ. ಶಿಫ್ಟ್ ಮುಗಿಸಿ ಬಸ್ ಇಳಿದು, ಮೈಮೇಲಿನ ಕೆಂಧೂಳು ತೊಳೆಯುವ ಮೊದಲೇ ಕತ್ತರಿ ಹಿಡಿಯುತ್ತಿದ್ದೆ. ಮಲ್ಲಿಗೆಯ ಕಡೆ ಬಾಗಿದ ರಂಗೂನ್ ಕುಡಿಯನ್ನು ಅಂದೇ ಚಿವುಟುತ್ತಿದ್ದೆ. ಸಂಜೆ ಬಿಳಿಯಾಗಿ ಬಿರಿದು ಮರುದಿನಕ್ಕೆ ಕೆಂಪಾಗುವ ಆ ಗೊಂಚಲುಗಳನ್ನು ಓಣಿಯವರು ನಿಂತು ನೋಡುತ್ತಿದ್ದರು, ನನಗೂ ಸ್ವಲ್ಪ ಜಂಬ ಇತ್ತು.

ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹೆಂಡತಿ ಬಸಿರಾದಳು. ಆ ಸುದ್ದಿ ಕೇಳಿದ ನಮ್ಮವ್ವ ಮೊದಲು ಮಾಡಿದ ಕೆಲಸವೆಂದರೆ ನನ್ನ ಕತ್ತರಿಯನ್ನು ಅಟ್ಟಕ್ಕೆ ಎಸೆದದ್ದು. ಬಸುರಿಯ ಗಂಡ ಕ್ಷೌರ ಮಾಡಿಸಬಾರದು, ಹಸಿರು ಕಡಿಯಬಾರದು. ಗಡ್ಡ ಬಿಟ್ಟರೆ ಕಾರ್ಖಾನೆಯಲ್ಲಿ ಧೂಳಿನ ಮಾಸ್ಕ್ ಸರಿಯಾಗಿ ಕೂಡುವುದಿಲ್ಲ ಎಂದು ವಾದಿಸಿ ಕ್ಷೌರದ ಮಟ್ಟಿಗೆ ಗೆದ್ದೆ. ಬಳ್ಳಿಯ ವಿಷಯದಲ್ಲಿ ಅವ್ವ ಜಗ್ಗಲಿಲ್ಲ. "ಹಸರಿಗೆ ಕಬ್ಬಿಣ ಮುಟ್ಟಸಬ್ಯಾಡ. ಹೊಟ್ಟ್ಯಾಗಿನ ಕೂಸಿಗೆ ಆಗಂಗಿಲ್ಲ" ಎಂದಳು. ನನಗೆ ಇದರಲ್ಲೆಲ್ಲ ನಂಬಿಕೆ ಇರಲಿಲ್ಲ. ಆದರೆ ನಂಬದೆ ಇರುವ ಧೈರ್ಯವೂ ಬರಲಿಲ್ಲ.

ಬಳ್ಳಿ ಕಮಾನು ತುಂಬಿ ಕಿಟಕಿಯ ಮೇಲಿನ ಸಜ್ಜೆಗೆ ಹಬ್ಬಿತು. ಓಣಿಯ ಹೆಂಗಸರಿಗೆ ಬೇರೆ ಸುದ್ದಿ ಬೇಕಾಗಲಿಲ್ಲ. ಅಷ್ಟು ಒಪ್ಪವಾಗಿ ಕತ್ತರಿಸುತ್ತಿದ್ದವನು ಕೈಬಿಟ್ಟಿದ್ದಾನೆಂದರೆ ಮನೆಯಲ್ಲಿ ವಿಶೇಷ ಇರಲೇಬೇಕು. ಎದುರು ಮನೆಯ ಅಜ್ಜಿ ನಗುತ್ತಾ ಸೀಮಂತದ ಕುಬಸ ಯಾವಾಗ ಎಂದು ಗೇಟಿನಲ್ಲೇ ಕೇಳಿದಳು. ಹೆಂಡತಿ ನಾಚಿ ಒಳಗೆ ಓಡಿದಳು. ಅವಳು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಮೊದಲಾಗಲಿ ಆಮೇಲಾಗಲಿ ನೋಡಿಲ್ಲ.

ನಾಲ್ಕನೇ ತಿಂಗಳಲ್ಲಿ ಬಸಿರು ನಿಲ್ಲಲಿಲ್ಲ. ಆಸ್ಪತ್ರೆಯಿಂದ ಬಂದ ವಾರದೊಳಗೆ ನಾನು ಅಟ್ಟ ಹತ್ತಿ ಕತ್ತರಿ ತಂದು ಬಳ್ಳಿಯನ್ನು ಮೊಣಕಾಲೆತ್ತರಕ್ಕೆ ಇಳಿಸಿದೆ. ಸಿಟ್ಟಿಗೆ ಏನಾದರೂ ಬೇಕಿತ್ತು. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು. ನಾವು ಯಾರಿಗೂ ಒಂದು ಮಾತು ಹೇಳಿರಲಿಲ್ಲ, ಬೋಳು ಕಮಾನೇ ಹೇಳಿತ್ತು. ಬಂದವರೆಲ್ಲ ಅವಳ ಕೈ ಹಿಡಿದು ಕೂತು, ಆ ದೇವರಿಗೆ ನಡಕೊಳ್ಳಿರಿ, ಈ ಡಾಕ್ಟರಿಗೆ ತೋರಿಸಿರಿ ಎಂದು ಸಲಹೆ ಕೊಟ್ಟು ಹೋದರು. ಅವಳು ಎಲ್ಲರಿಗೂ ಚಹಾ ಮಾಡಿಕೊಟ್ಟಳು.

ಎರಡು ವರ್ಷದ ಮೇಲೆ ಮತ್ತೆ ಬಸಿರಾದಳು. ಈ ಸಲ ಅವ್ವ ಹೇಳುವ ಮೊದಲೇ ನಾನು ಕತ್ತರಿ ಎತ್ತಿಟ್ಟೆ. ಬಳ್ಳಿ ಬೆಳೆಯಿತು, ಎದುರು ಮನೆಯ ಅಜ್ಜಿ ಗೇಟಿಗೆ ಬಂದಳು, ಐದನೇ ತಿಂಗಳಲ್ಲಿ ಅದೂ ಹೋಯಿತು. ಈ ಸಲ ಅತ್ತದ್ದು ಅವ್ವ ಮತ್ತು ನಾನು. ಹೆಂಡತಿ ಅಳಲಿಲ್ಲ. ನಾನು ಅಟ್ಟದ ಏಣಿಗೆ ಕೈ ಹಾಕಿದಾಗ ಬಂದು ಏಣಿ ಹಿಡಿದು ನಿಂತಳು.

"ಬ್ಯಾಡ್ರಿ. ಅದು ಹಂಗ ಇರ್ಲಿ. ಕಡದ್ರ ಮತ್ತ ಎಲ್ಲಾರೂ ಬರ್ತಾರ."

ಹಾಗಾಗಿ ಬಳ್ಳಿ ಉಳಿಯಿತು. ನಮ್ಮ ಮನೆಯಲ್ಲಿ ಇನ್ನೂ ಬಸುರಿ ಇದ್ದಾಳೆ ಎಂದು ಅದು ಓಣಿಗೆ ಸುಳ್ಳು ಹೇಳುತ್ತಾ ಬೆಳೆಯಿತು. ಅವಳು ಗೇಟಿಗೆ ಬರುವುದನ್ನು ಬಿಟ್ಟಳು. ಹಾಲು, ತರಕಾರಿ ತರುವುದೆಲ್ಲ ಅವ್ವನ ಪಾಲಿಗೆ ಬಂತು. ಸೊಸೆ ಹೇಗಿದ್ದಾಳೆ ಎಂದು ಕೇಳಿದವರಿಗೆ ಅವ್ವ, ಆರಾಮ ಇದ್ದಾಳೆ ಎನ್ನುತ್ತಿದ್ದಳು. ಬಳ್ಳಿ ಕಿಟಕಿಗೆ ಅಡ್ಡವಾಗಿ, ಹಗಲಲ್ಲೂ ಅಡಿಗೆಮನೆಗೆ ದೀಪ ಹಾಕಬೇಕಾಯಿತು. ಮಲ್ಲಿಗೆ ಬಿಸಿಲು ಕಾಣದೆ ಬುಡದಿಂದ ಒಣಗುತ್ತಾ ಬಂತು. ಒಂದು ಕುಡಿ ಚಿವುಟಿದ್ದರೂ ಅದು ಉಳಿಯುತ್ತಿತ್ತೇನೋ, ನನಗೆ ಕೈ ಏಳಲಿಲ್ಲ. ಮಲ್ಲಿಗೆ ಸತ್ತಿತು ಎಂದು ನಾನು ಹೇಳಿದಾಗ ಹೆಂಡತಿ, ಸಾಯಲಿ ಬಿಡಿ ಎಂದಳು. ಬಸ್ ಇಳಿದು ಮೂಲೆ ತಿರುಗಿದರೆ ಸಾಕು, ಇಡೀ ಮನೆಯ ಮೇಲೆ ಕೆಂಪು, ಬಿಳಿ ಹೂ ಸುರಿದಿರುತ್ತಿತ್ತು. ಅಷ್ಟು ಹೂವನ್ನು ಅಷ್ಟು ದ್ವೇಷದಿಂದ ಯಾರಾದರೂ ನೋಡಿರುತ್ತಾರೋ ಇಲ್ಲವೋ.

ಕೊನೆಗೆ ಬಳ್ಳಿ ಕಂಬದ ತಂತಿ ಹಿಡಿಯಿತು. ಒಂದು ಮಳೆಗೆ ಕಿಡಿ ಹಾರಿ ಓಣಿಯ ಕರೆಂಟು ಹೋಯಿತು. ಮರುದಿನ ಲೈನ್‌ಮನ್ ಏಣಿ, ಕುಡುಗೋಲು ಹಿಡಿದು ಬಂದ. ಫ್ಯಾನು ನಿಂತು ಬೇಸತ್ತ ಅಕ್ಕಪಕ್ಕದವರೆಲ್ಲ ಹೊರಗೆ ಬಂದು ನಿಂತಿದ್ದರು. ಆತ ಏಣಿಯ ಮೇಲೆ ಎರಡು ಮೆಟ್ಟಿಲು ಹತ್ತಿದವನು, ಎದುರು ಮನೆಯ ಅಜ್ಜಿ ಏನೋ ಕೂಗಿ ಹೇಳಿದ್ದನ್ನು ಕೇಳಿ ಇಳಿದು ಬಂದ.

"ಸಿಟ್ಟಾಗಬ್ಯಾಡ್ರಿ ಅಣ್ಣಾರ. ಮನ್ಯಾಗ ಬಸ್ರಿ ಹೆಣ್ಮಗಳು ಅದಾರಂತಲ್ರಿ? ಹಂಗಿದ್ರ ನಾ ಕುಡುಗೋಲು ಹಚ್ಚಂಗಿಲ್ರಿ. ಬಳ್ಳಿ ಈ ಕಡೆ ಜಗ್ಗಿ ಕಟ್ಟಿ ಹೋಗ್ತೀನಿ."

ಒಳ್ಳೆಯ ಮನುಷ್ಯ. ಅವನು ಒರಟಾಗಿ ಕಡಿದು ಹಾಕಿದ್ದರೆ ಬೈದಾದರೂ ಬೈಯಬಹುದಿತ್ತು. ಹೌದು ಎನ್ನೋಣವೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದೆ ಬಾಗಿಲು ಸದ್ದಾಯಿತು. ಎರಡು ತಿಂಗಳಿಂದ ಹೊರಗೆ ಕಾಲಿಡದವಳು ಮೆಟ್ಟಿಲಿಳಿದು, ಎಲ್ಲರ ಎದುರು, ಬಿಸಿಲಲ್ಲಿ ಬಂದು ನಿಂತಳು. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಿದ್ದಳು. ಯಾರಿಗೂ ಮತ್ತೇನೂ ಕೇಳುವುದು ಉಳಿಯಲಿಲ್ಲ.

"ಯಾರೂ ಇಲ್ರಿ ಅಣ್ಣ. ಕಡೀರಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಬುಡಸಮೇತ ತಗಸ್ರಿ. ಇದು ಇನ್ನೊಮ್ಮಿ ಬೆಳಿಯೂದನ್ನ ನಾ ನೋಡಂಗಿಲ್ಲ" ಎಂದಳು.

ಅವಳು ಹೇಳಿದ್ದು ಬಳ್ಳಿಯ ಬಗ್ಗೆ ಮಾತ್ರ ಅಲ್ಲವೆಂದು ನನಗೂ ಗೊತ್ತಾಯಿತು, ಅವ್ವನಿಗೂ ಗೊತ್ತಾಯಿತು. ಆ ಮಾತನ್ನು ನಾವು ಮತ್ತೆ ಎತ್ತಿಲ್ಲ. ಬುಡ ಅಗೆಸಿ, ಗುಂಡಿಗೆ ಸುಣ್ಣ ಹಾಕಿ, ಮೇಲೆ ಕಡಪಾ ಕಲ್ಲು ಹಾಸಿಸಿದೆ. ಆದರೂ ಮಳೆ ಬಿದ್ದಾಗ ಕಲ್ಲಿನ ಸಂದಿಯಲ್ಲಿ ಮರಿ ಏಳುತ್ತದೆ. ದಿನಾ ಬೆಳಿಗ್ಗೆ ಅವಳು ಏಳುವ ಮೊದಲು ಹೋಗಿ ಕಿತ್ತು, ಕಾಂಪೌಂಡಿನ ಆಚೆ ಎಸೆದು, ಕೈ ತೊಳೆದುಕೊಂಡು ಒಳಗೆ ಬರುತ್ತೇನೆ.