ದೋಣಿಗೆ ಕಟ್ಟಿದ ದೃಷ್ಟಿಹಗ್ಗ

ದೋಸ್ತರೇ, ಇವತ್ತು ಮಧ್ಯಾಹ್ನ ಹಿಡಕಲ್ ಹಿನ್ನೀರಿನ ನಟ್ಟನಡುವೆ ನನ್ನ ಹಾಯಿದೋಣಿಯ ಮುಂದಿನ ಹಾಯಿ ಸುತ್ತಿಕೊಳ್ಳಲು ನಿರಾಕರಿಸಿತು. ಹಗ್ಗ ಎಳೆದರೆ ಹಾಯಿಯ ಬುಡದಲ್ಲಿರುವ ಗಾಲಿ ತಿರುಗಿ ಹಾಯಿ ಸುರುಳಿಯಾಗಬೇಕು. ಹಗ್ಗ ಕಚ್ಚಿಕೊಂಡು ಕೂತಿತ್ತು. ಗಾಳಿಯೋ, ನಮ್ಮನ್ನು ಬಂಡೆಗಳ ಕಡೆಗೆ ದೂಡುತ್ತಿತ್ತು. ಜೊತೆಗಿದ್ದವರು ಕುರಿ ಕಾಯುವ ಕೌಜಲಗಿಯ ಕಾಕಾ.

ತೆವಳಿಕೊಂಡು ಹೋಗಿ ನೋಡಿದೆ. ಗಾಲಿಯ ಸಂದಿಯಲ್ಲಿ ಕರಿ ಉಣ್ಣೆಯ ಹಗ್ಗವೊಂದು ಸಿಕ್ಕಿಕೊಂಡಿತ್ತು.

"ಕಾಕಾ, ಇದೇನ್ರಿ?"

"ದೃಷ್ಟಿ ಹಗ್ಗೋ. ಟ್ರ್ಯಾಕ್ಟರಿಗೆ ಕಟ್ಟೂದಿಲ್ಲೇನು? ಮುಂಜಾನೆ ನಾನ ಕಟ್ಟೇನಿ."

"ಕೊಯ್ತೇನ್ರಿ."

"ಹುಚ್ಚಪ್ಪಾ, ಕೊಯ್ದಿ ಅಂದ್ರ ದೋಣಿ ಮುಳಗತೈತಿ!"

"ಕೊಯ್ಲಿಲ್ಲಂದ್ರ ನಾವು ಮುಳಗತೀವ್ರಿ!"

ಕಾಕಾ ಬಂಡೆಗಳನ್ನೊಮ್ಮೆ ನೋಡಿದರು. ಆಮೇಲೆ ಕಣ್ಣು ಮುಚ್ಚಿ, ಕೈ ಮುಗಿದು, "ಲಗೂ ಕೊಯ್ಯೋ" ಎಂದರು.

ಕೊಯ್ದೆ. ಹಾಯಿ ಸರಸರನೆ ಸುರುಳಿಯಾಯಿತು. ಹುಟ್ಟು ಹಾಕಿ ದಡ ಸೇರಿದೆವು.

ಅಲ್ಲಿ ಕಾಕಾ ತುಂಡಾದ ಹಗ್ಗವನ್ನು ಕಣ್ಣಿಗೊತ್ತಿಕೊಂಡು ಗಂಭೀರವಾಗಿ ಸಾರಿದರು: "ನೋಡ್ದಿ? ಬಂದ ಕಂಟಕ ತನ್ನ ಮ್ಯಾಲೆ ತಗೊಂಡು ನಮ್ಮನ್ನ ಉಳಿಸ್ತು."

ನಾಳೆ ಹೊಸ ಹಗ್ಗ ಬರಲಿದೆಯಂತೆ, ಇದಕ್ಕಿಂತ ದಪ್ಪನೆಯದು. ಈಜು ಕಲಿಸುವವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.