ಟೀವಿಯೊಳಗೆ ಅತ್ತ ಸಿದ್ದಲಕ್ಷ್ಮಮ್ಮ

ಸೇಲಂ ಊರಿನ ಗುಗೈಯ ನಮ್ಮ ಕನ್ನಡ ನೇಕಾರರ ಬೀದಿಯಲ್ಲಿ ಸಾವಿನ ಮನೆಗೆ ಹೋದರೆ ಸಿದ್ದಲಕ್ಷ್ಮಮ್ಮನ ಪಕ್ಕದಲ್ಲಿ ಯಾರೂ ಕೂರುವುದಿಲ್ಲ. ಅವಳಿಗೆ ಅಳು ಬರುವುದಿಲ್ಲ. ಎಲ್ಲರೂ ಅಳುವಾಗ ಅವಳಿಗೆ ನಗು ಬರುತ್ತದೆ. ಸೆರಗನ್ನು ಬಾಯಿಗೆ ತುರುಕಿಕೊಂಡು ಬಗ್ಗಿ ಕೂತರೂ ಭುಜ ಎರಡೂ ಕುಣಿಯುತ್ತವೆ. ಪಕ್ಕದಲ್ಲಿದ್ದವರಿಗೂ ಅದು ಹತ್ತಿಕೊಳ್ಳುತ್ತದೆ, ಅದೇ ಭಯ.

ನಮ್ಮ ಯಜಮಾನರು ಹೋದ ದಿನ ಅವಳೇ ಬಂದು ನನ್ನ ಕೈ ಹಿಡಿದು ಕೂತಳು. ಧರ್ಮಪುರಿ ಕಡೆಯ ಒಬ್ಬ ಮುದುಕಿ ಎದೆ ಬಡಿದುಕೊಂಡು, ಒಂದೂ ಕೆಟ್ಟ ಮಾತು ಆಡದ ಪುಣ್ಯಾತ್ಮ ಹೋದನಲ್ಲಾ ಎಂದು ರಾಗ ಎಳೆಯುತ್ತಿದ್ದಳು. ನಮ್ಮವರು ಬೆಳಗ್ಗೆ ಎದ್ದರೆ ನೂಲನ್ನು ಬೈಯುತ್ತಿದ್ದರು, ಮಗ್ಗವನ್ನು ಬೈಯುತ್ತಿದ್ದರು, ಕಿಟಕಿಯಲ್ಲಿ ಕೂತ ಕಾಗೆಯ ಅವ್ವನನ್ನೂ ಬಿಡುತ್ತಿರಲಿಲ್ಲ. ಸಿದ್ದಲಕ್ಷ್ಮಮ್ಮನ ಭುಜ ಕುಣಿಯಿತು. ಆಮೇಲೆ ನನ್ನದೂ. ಪಾಪ, ದುಃಖಕ್ಕೆ ಕುಪ್ಪಮ್ಮನಿಗೆ ಬುದ್ಧಿ ಕಲಕಿದೆ ಅಂದರು ಜನ. ಆ ಹೊತ್ತಿನಲ್ಲಿ ನನಗೆ ಉಸಿರು ತಿರುಗಿ ಬಂದದ್ದು ಆ ನಗುವಿನಿಂದಲೇ.

ಅವಳ ಗಂಡ ಗೋಪಾಲಪ್ಪ. ಒಂದು ಕಾಲದಲ್ಲಿ ಅವನು ಲಾಳಿ ಎಸೆಯುವ ಸದ್ದಿಗೆ ಬೀದಿಯ ಮಕ್ಕಳು ತಾಳ ಹಾಕುತ್ತಿದ್ದರು. ಮಂಡಿ ಕೆಟ್ಟ ಮೇಲೆ ಮಗ್ಗದ ಗುಂಡಿಗೆ ಇಳಿಯಲು ಆಗಲಿಲ್ಲ. ಮಗ ರಘುನಾಥ ಮಗ್ಗ ಹಿಡಿದ, ಅಪ್ಪ ಟೀವಿ ಹಿಡಿದ. ಬೆಳಗಿನಿಂದ ರಾತ್ರಿವರೆಗೆ ಒಂದರ ಹಿಂದೆ ಒಂದು ತಮಿಳು ಸೀರಿಯಲ್.

ಆ ಸೀರಿಯಲ್‌ಗಳಲ್ಲಿ ಅಜ್ಜಿಯರು ಎರಡೇ ಜಾತಿ. ಸಿರಿವಂತರ ಅಜ್ಜಿ ಮಲಗುವಾಗಲೂ ರೇಷ್ಮೆ ಸೀರೆ ಉಟ್ಟು, ಒಡವೆ ಹೇರಿಕೊಂಡು, ಸೊಸೆಗೆ ವಿಷ ಹಾಕುವ ಯೋಚನೆಯಲ್ಲಿರುತ್ತಾಳೆ. ಬಡವರ ಅಜ್ಜಿ ಹರಿದ ಸೀರೆಯಲ್ಲಿ ಒಲೆ ಮುಂದೆ ಅಳುತ್ತಿರುತ್ತಾಳೆ. ಮುದುಕರಾದರೆ ಕೆಮ್ಮಬೇಕು. ವಯಸ್ಸಿನ ಹುಡುಗಿಯಾದರೆ ಫೋನ್ ನೋಡುತ್ತಾ ಅಪ್ಪನಿಗೆ ಎದುರು ಮಾತಾಡಬೇಕು. ಮನೆಗೆಲಸದವಳು ಬಾಗಿಲ ಹಿಂದೆ ಕಿವಿ ಕೊಟ್ಟೇ ನಿಂತಿರಬೇಕು. ನೋಡಿ ನೋಡಿ ಗೋಪಾಲಪ್ಪ ಅದೇ ನಿಜ ಎಂದುಕೊಂಡ. ಅಡುಗೆಮನೆಯಲ್ಲಿ ಹೆಂಡತಿಯ ನಗು ಕೇಳಿದರೆ, ವಯಸ್ಸಾದ ಹೆಂಗಸು ಹೀಗಾ ಇರೋದು, ಇಲ್ಲಿ ಬಂದು ನೋಡಿ ಕಲಿ ಅನ್ನುತ್ತಿದ್ದ. ಕಾಫಿ ತಂದರೆ ಕೈ ಮಾತ್ರ ಚಾಚುತ್ತಿದ್ದ, ಕತ್ತು ತಿರುಗುತ್ತಿರಲಿಲ್ಲ.

ಒಂದು ಸಂಜೆ ಜಗಲಿಯಲ್ಲಿ ಅವಳು ನನಗೆ ಹೇಳಿದಳು. "ಕುಪ್ಪೀ, ನಮ್ಮನೇವ್ರು ನನ್ನ ಮುಖ ನೋಡಿ ಏಸು ಕಾಲ ಆಯ್ತೋ. ಆ ಟೀವಿ ಪೆಟ್ಟಿಗೆ ಒಳಕ್ಕೆ ಓದ್ರೆ ಒಂದು ಸಲನಾದ್ರೂ ನೋಡ್ತಾರೇನೋ."

ನಗುತ್ತಲೇ ಹೇಳಿದಳು. ಆದರೆ ಭುಜ ಕುಣಿಯಲಿಲ್ಲ.

ದೇವರು ಕೇಳಿಸಿಕೊಂಡನೋ ಏನೋ, ನಮ್ಮ ಬೀದಿ ಕೊನೆಯ ಹಳೆಯ ಮನೆಗೆ ಶೂಟಿಂಗ್ ಬಂತು. ಅದೂ ಗೋಪಾಲಪ್ಪ ನೋಡುವ ಸೀರಿಯಲ್ಲೇ. ಜಯಪ್ರಿಯಾ ಎಂಬ ಅಸಿಸ್ಟೆಂಟ್ ಹುಡುಗಿ ಬಡ ಪಾಟಿ ಒಬ್ಬಳು ಬೇಕು ಎಂದು ಹುಡುಕಿಕೊಂಡು ಬಂದಳು. ಪಾಟಿ ಅಂದರೆ ನಮ್ಮ ಅಜ್ಜಿಯೇ. ಜಗಲಿಯಿಂದ ಸಿದ್ದಲಕ್ಷ್ಮಮ್ಮ ಎದ್ದು ನಿಂತಳು. ಗಿಳಿಹಸಿರು ಸೀರೆ, ಮುಡಿ ತುಂಬ ಮಲ್ಲಿಗೆ, ಬಾಯಿ ತುಂಬ ಎಲೆಅಡಿಕೆ. ನಿಮ್ಮನ್ನು ನೋಡಿದರೆ ಬಡವರ ಹಾಗೆ ಕಾಣುವುದಿಲ್ಲ ಎಂದು ಆ ಹುಡುಗಿ ಮೆಲ್ಲಗೆ ಹೇಳಿದಳು.

"ಯಾಕಮ್ಮಾ, ಬಡವ್ರು ಊವ ಮುಡೀಬಾರ್ದಾ?"

ಹುಡುಗಿ ಚೀಲಕ್ಕೆ ಕೈ ಹಾಕಿದಳು. ಹೂವು ಇಲ್ಲದೆ, ಇದನ್ನು ಉಟ್ಟು ನಾಳೆ ಬನ್ನಿ ಎಂದು ಒಂದು ಬೂದು ಸೀರೆ ಕೊಟ್ಟು ಹೋದಳು. ಮೊಣಕಾಲ ಹತ್ತಿರ, ಸೆರಗಿನಲ್ಲಿ, ಬೆನ್ನಿನಲ್ಲಿ, ಎಲ್ಲ ಕಡೆ ಹರಿದಿತ್ತು.

ಎಡವಟ್ಟಾದದ್ದು ಅಲ್ಲೇ. ಮಗ್ಗ ಇರುವ ಮನೆಯಲ್ಲಿ ಹರಿದ ಬಟ್ಟೆ ರಾತ್ರಿ ಕಳೆದರೆ ಹಾಸಿನ ಎಳೆ ಕಡಿಯುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಅವಳು ಒಂದು ತುದಿ ಹಿಡಿದಳು, ನಾನು ಇನ್ನೊಂದು ತುದಿ ಹಿಡಿದೆ, ಸೊಸೆ ಭುವನಾ ಸೆರಗು ಎಳೆದುಕೊಂಡಳು. ನಾಳೆ ಟೀವಿಯಲ್ಲಿ ಹೇಗೆ ನಡೆಯಬೇಕು, ಹೇಗೆ ತಿರುಗಬೇಕು ಎಂದು ಮಾತಾಡುತ್ತಾ ಎಳೆಗೆ ಎಳೆ ಹೆಣೆದೆವು. ಮಾತು ಮುಗಿಯುವ ಹೊತ್ತಿಗೆ ಹರಿದದ್ದೂ ಮುಗಿದಿತ್ತು. ಭುವನಾ ಗಂಜಿ ಹಾಕಿ ಇಸ್ತ್ರಿಯನ್ನೂ ಮಾಡಿಬಿಟ್ಟಳು.

ಬೆಳಗ್ಗೆ ಜಯಪ್ರಿಯಾ ಅವಳನ್ನು ಮುಂದಿನಿಂದ ನೋಡಿದಳು, ಸುತ್ತಿ ಬಂದು ಹಿಂದಿನಿಂದ ನೋಡಿದಳು. ಆಗಲೇ ನಮಗೆ ಹೊಳೆದದ್ದು, ಆ ಸೀರೆ ಹರಿದಿರಬೇಕಿತ್ತು ಎಂದು. ಡೈರೆಕ್ಟರ್ ಶಿವಲಿಂಗಂ ಬ್ಲೇಡ್ ತರಿಸಿ, ಭುಜದ ಹಿಂದೆ ತಾನೇ ಉದ್ದಕ್ಕೆ ಸೀಳಿದ. ಆಮೇಲೆ ಊಟಕ್ಕೆ ಬಿಟ್ಟರು. ಊಟ ಮುಗಿಸಿ ಕರೆದಾಗ ಭುಜದ ಸೀಳು ಇರಲಿಲ್ಲ. ನಾನೇ ಕೂಡಿಸಿದ್ದೆ. ಮಾತಾಡುತ್ತಾ ಇದ್ದೆ, ಕೈ ಅದರ ಪಾಡಿಗೆ ಅದು ಕೆಲಸ ಮಾಡಿತ್ತು. ಬೂದು ನೂಲು ಸಿಗದೆ ನನ್ನ ಸೂಜಿಯಲ್ಲಿದ್ದ ಕೆಂಪು ಎಳೆಯೇ ಹೋಗಿತ್ತು.

ಜಯಪ್ರಿಯಾ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಶಿವಲಿಂಗಂ ಆ ಕೆಂಪು ಗೆರೆಯನ್ನು ದಿಟ್ಟಿಸಿ ನೋಡಿ, ಸರಿ, ಇದೇ ಬಡತನ ಎಂದು ಇಟ್ಟುಕೊಳ್ಳೋಣ ಅಂದ.

ಸಿರಿವಂತರ ಅಜ್ಜಿಯಾಗಿ ಬಂದವಳು ಏರ್ಕಾಡಿನ ಕಾಳಿಯಮ್ಮ. ಕಾಫಿ ಎಸ್ಟೇಟಿನಲ್ಲಿ ಹಣ್ಣು ಬಿಡಿಸುತ್ತಿದ್ದವಳು. ಬೆಟ್ಟದ ಬಸ್ಸಿನಲ್ಲಿ ತಿರುವಿಗೊಂದು ಸಲ ವಾಂತಿ ಮಾಡಿಕೊಂಡು ಇಳಿದು ಬಂದಿದ್ದಳು, ಊಟವನ್ನೂ ಮುಟ್ಟಿರಲಿಲ್ಲ. ಮೂಗು ನೆಟ್ಟಗಿದೆ, ಬಣ್ಣ ಬೆಳ್ಳಗಿದೆ, ಅದಕ್ಕೇ ಯಾವಾಗಲೂ ಅವಳಿಗೆ ಜಮೀನ್ದಾರಿಣಿ ಪಾರ್ಟು. ಮೈಮೇಲಿನ ಒಡವೆ ಎಲ್ಲ ಕಂಪನಿಯದು. ಸ್ವಂತ ಮಗ್ಗ, ಸ್ವಂತ ಮನೆ ಇದ್ದ ನಮ್ಮವಳು ಅವಳ ಕಾಲಿಗೆ ಬಿದ್ದು ಒಂದು ತುತ್ತು ಅನ್ನಕ್ಕೆ ಅಳಬೇಕು. ಅದೇ ಸೀನು.

ಬಿದ್ದಳು. ರೇಷ್ಮೆ ಸೀರೆಯ ಅಂಚಿನ ಕೆಳಗೆ ಕಾಳಿಯಮ್ಮನ ಹವಾಯಿ ಚಪ್ಪಲಿ ಕಂಡಿತು. ಒಂದಕ್ಕೆ ಸೇಫ್ಟಿಪಿನ್ ಚುಚ್ಚಿತ್ತು. ಮೇಲಿನಿಂದ ಕಾಳಿಯಮ್ಮ ಕಣ್ಣು ಕೆಂಪಗೆ ಮಾಡಿಕೊಂಡೇ, ಅಕ್ಕಾ ಬೇಗ ಅಳು, ಹೊಟ್ಟೆ ಹಸಿಯುತ್ತಿದೆ ಎಂದು ತಮಿಳಿನಲ್ಲಿ ಪಿಸುಗುಟ್ಟಿದಳು. ಅಷ್ಟೇ. ಸಿದ್ದಲಕ್ಷ್ಮಮ್ಮನಿಗೆ ನಗು ಉಕ್ಕಿತು. ಅವಳ ಹಿಂದೆ ಕಾಳಿಯಮ್ಮನಿಗೂ. ಕಣ್ಣಿಗೆ ಗ್ಲಿಸರಿನ್ ಬಿಟ್ಟರು. ನೀರು ಧಾರೆಯಾಗಿ ಇಳಿಯಿತು, ನಗು ನಿಲ್ಲಲಿಲ್ಲ. ಮತ್ತೆ ತೆಗೆದರು, ಮತ್ತೆ ನಕ್ಕಳು. ಕೊನೆಗೆ ಶಿವಲಿಂಗಂ ತಲೆ ಮೇಲೆ ಕೈ ಹೊತ್ತು, ಕ್ಯಾಮೆರಾ ಹಿಂದಕ್ಕೆ ಒಯ್ದು, ಬರೀ ಬೆನ್ನು ತೆಗೆದು ಮುಗಿಸಿದ.

ಮನೆಗೆ ಬರುವಾಗ ಅವಳ ನಗು ಇಂಗಿತ್ತು. "ಬೆನ್ನು ನೋಡಿ ಯಾರು ಗುರ್ತು ಇಡೀತಾರೆ ಕುಪ್ಪೀ," ಅಂದಳು. ಗಂಡನಿಗೆ ಹೇಳಬಾರದು ಎಂದು ನನ್ನಿಂದಲೂ ಭುವನಾಳಿಂದಲೂ ಆಣೆ ಮಾಡಿಸಿಕೊಂಡಳು.

ಅದು ಟೀವಿಯಲ್ಲಿ ಬಂದ ಸಂಜೆ ಬೀದಿಯ ಹೆಂಗಸರೆಲ್ಲ ಸುಮ್ಮನೆ ಬಂದವರ ಹಾಗೆ ಗೋಪಾಲಪ್ಪನ ಮನೆಯಲ್ಲಿ ಸೇರಿದೆವು. ಅವಳು ಮಾತ್ರ ಕಾಫಿ ಲೋಟ ಹಿಡಿದು ಅಡುಗೆಮನೆ ಬಾಗಿಲಲ್ಲೇ ನಿಂತಳು. ಸಿರಿವಂತ ಕಾಳಿಯಮ್ಮ ಗುಡುಗಿದಳು. ಕಾಲ ಬಳಿ ಒಂದು ಬೂದು ಬೆನ್ನು. ಪಿಟೀಲು ಕೊಯ್ಯತೊಡಗಿತು. ಆ ಬೆನ್ನು ಅದುರಿತು ನೋಡಿ, ಭುಜ ಏರಿ ಇಳಿದು, ಎದೆ ಒಡೆದು ಹೋಗುವ ಹಾಗೆ. ನಾನು ಶೂಟಿಂಗ್ ಹೊತ್ತಿನಲ್ಲಿ ಅಲ್ಲೇ ನಿಂತು ನೋಡಿದವಳು, ನನ್ನ ಕಣ್ಣೂ ತುಂಬಿತು. ಭುವನಾ ಗೊಳೋ ಎಂದಳು.

ಗೋಪಾಲಪ್ಪ ಮುಂದಕ್ಕೆ ಬಗ್ಗಿದ.

"ಆ ಭುಜದ ಮೇಲಿನ ಕೆಂಪು ಎಳೆ ನಮ್ಮ ಬೀದಿ ಕೈಕೆಲ್ಸ," ಅಂದ. ಇನ್ನೂ ಸ್ವಲ್ಪ ಬಗ್ಗಿದ. "ಯಾಕ್ರಮ್ಮಾ ಅಳ್ತೀರಿ? ಆವಮ್ಮ ಅಳ್ತಾ ಇಲ್ಲ. ನಗ್ತಾವ್ಳೆ."

ಆಮೇಲೆ ಅವನ ಕತ್ತು ತಿರುಗಿತು. ಬಾಗಿಲಲ್ಲಿ ಅವಳು ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಭುಜ ಎರಡೂ ಅದೇ ತಾಳಕ್ಕೆ ಕುಣಿಯುತ್ತಿದ್ದವು, ಲೋಟದ ಕಾಫಿ ನೆಲಕ್ಕೆ ತುಳುಕುತ್ತಿತ್ತು. ಅವನು ನೋಡಿದ, ನೋಡುತ್ತಲೇ ಇದ್ದ.

"ತಾಳಿ ಕಟ್ಟೋವಾಗ್ಲೂ ಇಂಗೇ ಅಲ್ವೇನೇ ನಕ್ಕಿದ್ದು," ಅಂದ. "ಆಗ್ಲೂ ಎಲ್ರೂ ಎಣ್ಣು ಅಳ್ತೈತೆ ಅಂದ್ಕೊಂಡ್ರು."

ಅವನೂ ನಗತೊಡಗಿದ. ಆಮೇಲೆ ಭುವನಾ, ಆಮೇಲೆ ನಾವೆಲ್ಲ. ಟೀವಿಯಲ್ಲಿ ಆ ಬಡ ಅಜ್ಜಿಗೆ ಅನ್ನ ಹಾಕಿದರೋ, ಬಾಗಿಲಾಚೆ ತಳ್ಳಿದರೋ, ನಮ್ಮ ಬೀದಿಯಲ್ಲಿ ಯಾರಿಗೂ ಇವತ್ತಿಗೂ ಗೊತ್ತಿಲ್ಲ.